ಸತ್ತ ನೊಣದ ಸಾಕ್ಷ್ಯ

ಮಳೆಗಾಲದ ನಾಲ್ಕು ತಿಂಗಳು ತ್ಯಾಗಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುವುದು ಏಕೆಂಬುದು ಜೈನ ಮನೆಗಳ ಮಕ್ಕಳಿಗೂ ಗೊತ್ತಿರುವ ವಿಷಯ. ಮಳೆ ಬಿದ್ದೊಡನೆ ನೆಲದ ಮೇಲೂ ಗಾಳಿಯಲ್ಲಿಯೂ ತುಂಬಿಕೊಳ್ಳುವ ಅಸಂಖ್ಯ ಸೂಕ್ಷ್ಮ ಜೀವಗಳು ಕಾಲಡಿ ಸಿಲುಕಬಾರದೆಂಬ ಎಚ್ಚರವೇ ಅದಕ್ಕೆ ಕಾರಣ. ಆದರೆ ಅಂತಹ ಜೀವವೊಂದನ್ನು ಬೇಕೆಂದೇ ಹಿಡಿದು, ಮದ್ಯಸಾರದಲ್ಲಿ ಮುಳುಗಿಸಿ, ಅರೆದು, ಅದರೊಳಗೆ ಮತ್ತೊಂದು ಜೀವ ವಾಸವಾಗಿದೆಯೇ ಎಂದು ನೋಡುವುದೇ ಶಾಲೆಯ ಪಾಠವಾದರೆ, ಆ ಮನೆಯ ಮಗು ಏನು ಮಾಡಬೇಕು? ಮೂಡುಬಿದಿರೆಯ ಮೂಲದ, ಈಗ ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿರುವ ಒಂದು ಕುಟುಂಬದಲ್ಲಿ ಈ ಪ್ರಶ್ನೆ ಹುಟ್ಟಿತು. ಅದಕ್ಕೆ ದೊರೆತ ಉತ್ತರವು ಪೂರ್ಣವಾದುದೆಂದು ಆ ಮನೆಯವರಾರೂ ಹೇಳುವುದಿಲ್ಲ. ಆದರೂ ಉತ್ತರ ಹುಡುಕಿದ ಬಗೆ ತಿಳಿಯತಕ್ಕದ್ದಾಗಿದೆ.

ಹುಡುಗಿ ಹನ್ನೊಂದನೆಯ ತರಗತಿಯಲ್ಲಿದ್ದಳು. ಜೀವಶಾಸ್ತ್ರದ ಅಧ್ಯಾಪಿಕೆ ಆ ವರ್ಷ ತರಗತಿಗೆ ಒಂದು ಹೊಸ ಪ್ರಯೋಗವನ್ನು ಕೊಟ್ಟರು. ವುಡ್ಸ್ ಹೋಲ್ ಎಂಬ ಊರಿನ ಸಮುದ್ರ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ರೂಪುಗೊಂಡು, ಸೇತ್ ಬಾರ್ಡನ್‌ಸ್ಟೈನ್ ಎಂಬ ವಿಜ್ಞಾನಿಯ ನೇತೃತ್ವದಲ್ಲಿ ಬೆಳೆದ 'ವೋಲ್ಬಾಕಿಯಾ ಯೋಜನೆ' ಅದು. ವಿದ್ಯಾರ್ಥಿಗಳು ತಮ್ಮ ಮನೆಯ ಸುತ್ತಲಿನ ಕೀಟಗಳನ್ನು ಹಿಡಿದು ತರಬೇಕು. ಅವು ಯಾವ ಜಾತಿಗೆ ಸೇರಿದವೆಂದು ಗುರುತಿಸಬೇಕು. ಅವುಗಳಿಂದ ಡಿಎನ್‌ಎಯನ್ನು ಬೇರ್ಪಡಿಸಿ, ಒಳಗೆ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸಬೇಕು. ತರಗತಿಯಲ್ಲಿದ್ದವರು 24 ಮಂದಿ. ಒಬ್ಬೊಬ್ಬರಿಗೆ ಮೂರು ಕೀಟಗಳು. ಒಟ್ಟು 72.

ವೋಲ್ಬಾಕಿಯಾದ ಕಥೆ ಹಳೆಯದು. ಅಮೆರಿಕದ ಮಾರ್ಷಲ್ ಹರ್ಟಿಗ್ ಮತ್ತು ಎಸ್. ಬರ್ಟ್ ವೋಲ್ಬಾಕ್ ಎಂಬಿಬ್ಬರು 1924ರಲ್ಲಿ ಕ್ಯೂಲೆಕ್ಸ್ ಸೊಳ್ಳೆಯ ದೇಹದೊಳಗೆ ಇದನ್ನು ಮೊದಲು ಕಂಡರು. 1936ರಲ್ಲಿ ಹರ್ಟಿಗ್ ಇದಕ್ಕೆ ತನ್ನ ಸಹೋದ್ಯೋಗಿಯ ಹೆಸರನ್ನೇ ಇಟ್ಟನು. ಇದು ಕೀಟದ ಜೀವಕೋಶದ ಒಳಗೇ ಬಾಳುವ ಜೀವಿ. ತಾಯಿಯ ತತ್ತಿಯ ಮೂಲಕ ಮರಿಗೆ ಬರುತ್ತದೆ, ತಂದೆಯಿಂದ ಬರುವುದಿಲ್ಲ. ಇದರ ನಡತೆ ವಿಚಿತ್ರವಾದುದು. ಇದನ್ನು ಹೊತ್ತ ಗಂಡು, ಹೊರದ ಹೆಣ್ಣನ್ನು ಕೂಡಿದರೆ ತತ್ತಿಗಳು ಒಡೆಯುವುದಿಲ್ಲ. ಇದನ್ನು ಹೊತ್ತ ಹೆಣ್ಣಿನ ತತ್ತಿಗಳಾದರೋ ಗಂಡು ಯಾವುದೇ ಇದ್ದರೂ ಒಡೆಯುತ್ತವೆ. ಹೀಗಾಗಿ ತಲೆಮಾರಿನಿಂದ ತಲೆಮಾರಿಗೆ ಹೊತ್ತವರ ಸಂತತಿಯೇ ಹೆಚ್ಚುತ್ತದೆ. ಕೆಲವು ಕೀಟಗಳಲ್ಲಿ ಇದು ಗಂಡುಮರಿಗಳನ್ನು ಕೊಲ್ಲುತ್ತದೆ. ತಿಗಣೆಗಾದರೋ ರಕ್ತದಲ್ಲಿ ಸಾಲದ ಜೀವಸತ್ವಗಳನ್ನು ಒದಗಿಸಿ ಉಪಕಾರ ಮಾಡುತ್ತದೆ. ಒಂದೇ ಜೀವಿ ಒಂದು ಮನೆಯಲ್ಲಿ ಶತ್ರು, ಇನ್ನೊಂದು ಮನೆಯಲ್ಲಿ ಮಿತ್ರ. ಕೀಟಜಾತಿಗಳಲ್ಲಿ ಎಷ್ಟರೊಳಗೆ ಇದು ಇದೆಯೆಂಬ ಲೆಕ್ಕದಲ್ಲಿ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ನೂರಕ್ಕೆ 40ರಷ್ಟು ಎಂದು ಒಂದು ಅಂದಾಜು, 66ರಷ್ಟು ಎಂದು ಇನ್ನೊಂದು. ಆದುದರಿಂದಲೇ ಊರೂರಿನ ಮಕ್ಕಳು ತಮ್ಮ ಅಂಗಳದ ಕೀಟವನ್ನು ಪರೀಕ್ಷಿಸಿದರೆ ಅದರಿಂದ ನಿಜವಾದ ಜ್ಞಾನವೇ ಬೆಳೆಯುತ್ತದೆ.

ಹುಡುಗಿಯ ಅಜ್ಜಿ ಆಗ ಆರು ತಿಂಗಳ ವಾಸಕ್ಕೆಂದು ಮಗನ ಮನೆಗೆ ಬಂದಿದ್ದರು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಸೋಸದ ನೀರಿಲ್ಲ. ನಲ್ಲಿಯ ನೀರು ಶುದ್ಧವೆಂದು ಮಗ ಎಷ್ಟು ಹೇಳಿದರೂ ಅವರು ಊರಿನಿಂದ ತಂದ ಬಿಳಿಯ ಬಟ್ಟೆಯನ್ನು ನಲ್ಲಿಗೆ ಕಟ್ಟಿಯೇ ಕಟ್ಟಿದರು. ಮೊಮ್ಮಗಳು ತನ್ನ ಪಾಠದ ಸಂಗತಿಯನ್ನು ಮೊದಲು ಹೇಳಿದ್ದು ಅವರಿಗೇ. ಬೈಯಬಹುದೆಂಬ ನಿರೀಕ್ಷೆ ಅವಳಲ್ಲಿತ್ತು. ಅಜ್ಜಿ ಬೈಯಲಿಲ್ಲ. "ಕೊಲ್ಲದೆ ಆಗುವುದಿಲ್ಲವೇ ಮಗಾ?" ಎಂದಷ್ಟೇ ಕೇಳಿದರು.

ತಂದೆಯ ವಾದ ಬೇರೆಯಾಗಿತ್ತು. ವಾಹನದ ಗಾಜಿಗೆ ಬಡಿದು ದಿನವೂ ಇದಕ್ಕಿಂತ ಹೆಚ್ಚು ಕೀಟಗಳು ಸಾಯುತ್ತವೆ, ಮೂರು ಕೀಟಗಳಿಗಾಗಿ ಅಂಕ ಕಳೆದುಕೊಳ್ಳುವುದು ವಿವೇಕವಲ್ಲ ಎಂದರು ಅವರು. ತರಗತಿಯ ಗೆಳತಿಯೊಬ್ಬಳು ಇನ್ನೂ ಸುಲಭವಾದ ದಾರಿಯನ್ನು ತೋರಿದಳು: "ನೀನು ಕೊಲ್ಲಬೇಡ, ನಿನ್ನ ಪಾಲಿನದನ್ನೂ ನಾನೇ ಹಿಡಿದು ತರುತ್ತೇನೆ." ಹುಡುಗಿಗೆ ಇದು ಒಪ್ಪಿಗೆಯಾಯಿತು. ಮನೆಗೆ ಬಂದು ಸಂತೋಷದಿಂದ ಅಜ್ಜಿಗೆ ತಿಳಿಸಿದಾಗ ಅವರು ತಲೆಯಾಡಿಸಿದರು. ತಾನು ಮಾಡುವುದು ಕೃತ, ಇನ್ನೊಬ್ಬರಿಂದ ಮಾಡಿಸುವುದು ಕಾರಿತ, ಮಾಡಿದವರನ್ನು ಕಂಡು ಸರಿಯೆನ್ನುವುದು ಅನುಮೋದನ. ಮೂರಕ್ಕೂ ಬಂಧ ತಪ್ಪಿದ್ದಲ್ಲ ಎಂಬುದು ಅವರು ಬಾಲ್ಯದಿಂದ ಕೇಳಿಕೊಂಡು ಬಂದ ಮಾತು. "ನಿನ್ನ ಕೈ ಒದ್ದೆಯಾಗಬಾರದೆಂದು ಅವಳ ಕೈ ಒದ್ದೆ ಮಾಡಿಸುವುದು ಯಾವ ನ್ಯಾಯ?" ಎಂದು ಕೇಳಿದರು.

ಆಗ ಹುಡುಗಿಗೆ ಸಿಟ್ಟು ಬಂದಿತು. ಆ ಸಿಟ್ಟಿನಲ್ಲಿ ಅವಳು ಆಡಬಾರದ ಮಾತನ್ನೂ ಆಡಿದಳು. ಅಜ್ಜಿಯ ತಮ್ಮನ ಮೊಮ್ಮಗ, ಒಂಬತ್ತು ವರ್ಷದ ಹುಡುಗ, 2019ರ ಮಳೆಗಾಲದಲ್ಲಿ ಡೆಂಗಿ ಜ್ವರದಿಂದ ತೀರಿಕೊಂಡಿದ್ದನು. "ಅವನನ್ನು ಕೊಂದದ್ದು ಸೊಳ್ಳೆ. ನಾನು ಓದಬೇಕಾದ ಈ ಬ್ಯಾಕ್ಟೀರಿಯಾದಿಂದಲೇ ಆ ಜ್ವರವನ್ನು ತಡೆಯುತ್ತಿದ್ದಾರೆ. ನಿಮ್ಮ ಅಹಿಂಸೆ ಅವನಿಗೆ ಏನು ಮಾಡಿತು ಅಜ್ಜಿ?" ಎಂದಳು.

ಅಜ್ಜಿ ಎದ್ದು ಒಳಗೆ ಹೋದರು. ಆ ರಾತ್ರಿ ಇಬ್ಬರಿಗೂ ನಿದ್ರೆ ಬರಲಿಲ್ಲ. ಮರುದಿನ ಬೆಳಿಗ್ಗೆ ಹುಡುಗಿ ಕ್ಷಮೆ ಕೇಳಲು ಬಂದಾಗ, ಅಜ್ಜಿಯೇ ಮೊದಲು ಮಾತನಾಡಿದರು: "ಜ್ವರವನ್ನು ಹೇಗೆ ತಡೆಯುತ್ತಾರೆ? ಅದನ್ನು ಹೇಳು."

ಹುಡುಗಿ ಹೇಳಿದಳು. ಡೆಂಗಿಯನ್ನು ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಯಲ್ಲಿ ವೋಲ್ಬಾಕಿಯಾ ಸಹಜವಾಗಿ ಇರುವುದಿಲ್ಲ. ಆಸ್ಟ್ರೇಲಿಯಾದ ವಿಜ್ಞಾನಿಗಳು ಹಣ್ಣಿನ ನೊಣದ ವೋಲ್ಬಾಕಿಯಾವನ್ನು ಈ ಸೊಳ್ಳೆಯ ತತ್ತಿಗೆ ಸೂಕ್ಷ್ಮ ಸೂಜಿಯಿಂದ ಸೇರಿಸಿದರು. ಅಂತಹ ಸೊಳ್ಳೆಯ ದೇಹದಲ್ಲಿ ಡೆಂಗಿಯ ವೈರಾಣು ಸುಲಭವಾಗಿ ಬೆಳೆಯಲಾರದು. 2011ರಲ್ಲಿ ಕೇನ್ಸ್ ನಗರದ ಬಳಿ ಇವುಗಳನ್ನು ಹೊರಗೆ ಬಿಟ್ಟರು. ಬಳಿಕ ಇಂಡೋನೇಷ್ಯಾದ ಯೋಗ್ಯಕರ್ತ ನಗರದಲ್ಲಿ ದೊಡ್ಡ ಪ್ರಮಾಣದ ಪರೀಕ್ಷೆ ನಡೆಯಿತು. ಸೊಳ್ಳೆಗಳನ್ನು ಬಿಟ್ಟ ಭಾಗಗಳಲ್ಲಿ ಡೆಂಗಿಯು ನೂರಕ್ಕೆ 77ರಷ್ಟು, ಡೆಂಗಿಯಿಂದ ಆಸ್ಪತ್ರೆ ಸೇರುವುದು ನೂರಕ್ಕೆ 86ರಷ್ಟು ಇಳಿದಿತ್ತೆಂದು 2021ರಲ್ಲಿ ಪ್ರಕಟವಾಯಿತು. ಪುದುಚೇರಿಯಲ್ಲಿರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕೇಂದ್ರವೂ ಭಾರತದ ಸೊಳ್ಳೆಗಳಲ್ಲಿ ಇಂತಹ ಎರಡು ತಳಿಗಳನ್ನು ಸಿದ್ಧಪಡಿಸಿರುವುದಾಗಿ 2022ರಲ್ಲಿ ತಿಳಿಸಿತು.

"ಹಾಗಾದರೆ ಸೊಳ್ಳೆಯನ್ನು ಕೊಲ್ಲುವುದಿಲ್ಲವೇ? ಸೊಳ್ಳೆ ಸೊಳ್ಳೆಯಾಗಿಯೇ ಬದುಕುತ್ತದೆಯೇ?" ಎಂದು ಅಜ್ಜಿ ಆಶ್ಚರ್ಯದಿಂದ ಕೇಳಿದರು.

ಹೌದೆಂದು ಹೇಳಿ ಸುಮ್ಮನಾಗಬಹುದಿತ್ತು. ಹುಡುಗಿ ಹಾಗೆ ಮಾಡಲಿಲ್ಲ. ಬಿಟ್ಟ ಸೊಳ್ಳೆಗಳ ಸಂತತಿ ನೆಲೆಯೂರಿದೆಯೇ ಎಂದು ತಿಳಿಯಲು ಬೀದಿಬೀದಿಯ ಸೊಳ್ಳೆಗಳನ್ನು ಬಲೆಯಿಂದ ಹಿಡಿದು, ಅರೆದು, ಡಿಎನ್‌ಎ ಪರೀಕ್ಷೆ ಮಾಡುತ್ತಾರೆ, ಬಿಟ್ಟ ಗಂಡುಗಳನ್ನು ಕೂಡಿದ ಕಾಡು ಹೆಣ್ಣುಗಳ ತತ್ತಿಗಳೂ ಎಷ್ಟೋ ಕೆಡುತ್ತವೆ, ಇವೆಲ್ಲವನ್ನೂ ಹೇಳಿದಳು. ಅಜ್ಜಿ ಬಹಳ ಹೊತ್ತು ಯೋಚಿಸಿದರು. ಅವರು ಕೊಟ್ಟ ಉತ್ತರವನ್ನು ಮೊಮ್ಮಗಳು ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾಳೆ:

"ಅವರು ಮಾಡುವುದು ತಪ್ಪೆಂದು ನಾನು ಹೇಳಲಾರೆ. ಮಗುವನ್ನು ಮಣ್ಣಿಗೆ ಕೊಟ್ಟ ಮನೆ ನನ್ನದು. ಅದರಲ್ಲಿ ಹಿಂಸೆಯೇ ಇಲ್ಲವೆಂದೂ ಹೇಳಲಾರೆ. ಗೃಹಸ್ಥನು ಬಿಡಲೇಬೇಕಾದುದು ಸಂಕಲ್ಪಿ ಹಿಂಸೆ, ಕೊಲ್ಲಬೇಕೆಂದೇ ಕೊಲ್ಲುವುದು. ಅಡುಗೆಯ, ಉದ್ಯೋಗದ, ರಕ್ಷಣೆಯ ಹಿಂಸೆ ಅವನನ್ನು ಪೂರ್ತಿ ಬಿಡದು. ಅದನ್ನು ಕಡಿಮೆ ಮಾಡುತ್ತ ಹೋಗಬೇಕು. ಅವರು ಜೀವ ಉಳಿಸಲು ಹೊರಟವರು. ಅವರಿಗೆ ಬೇರೆ ದಾರಿಯಿಲ್ಲದಿರಬಹುದು. ನೀನು ಪಾಠ ಕಲಿಯಲು ಹೊರಟವಳು. ನಿನಗೆ ಬೇರೆ ದಾರಿ ಇದೆಯೇ ಎಂದು ನೀನು ಹುಡುಕಿದ್ದೀಯಾ? ಅಷ್ಟೇ ನನ್ನ ಪ್ರಶ್ನೆ."

ಹುಡುಗಿ ಹುಡುಕಿರಲಿಲ್ಲ. ಆ ದಿನವೇ ಹುಡುಕಿದಳು. ಅಡುಗೆಮನೆಯ ಕಿಟಕಿಯಡಿಯಲ್ಲಿ, ಗಾಜಿಗೂ ಬಲೆಗೂ ನಡುವೆ, ತಾವಾಗಿಯೇ ಸತ್ತು ಒಣಗಿದ್ದ ಕೀಟಗಳಿದ್ದವು. ಹಣ್ಣಿನ ತಟ್ಟೆಯ ಬಳಿಯ ಕಿಟಕಿಯಲ್ಲಿ ಒಂದು ಹಣ್ಣಿನ ನೊಣ, ದೀಪದ ಕೆಳಗೆ ಒಂದು ಕಂದು ಪತಂಗ, ನೆಲಮಾಳಿಗೆಯ ಕಿಟಕಿಯ ಮೂಲೆಯಲ್ಲಿ ಕೆಂಪು ರೆಕ್ಕೆಯ ಮೇಲೆ ಕಪ್ಪು ಚುಕ್ಕೆಗಳಿದ್ದ ಒಂದು ಗುಲಗಂಜಿ ಹುಳು. ಮೂರನ್ನೂ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಶಾಲೆಗೆ ಹೋದಳು.

ಅಧ್ಯಾಪಿಕೆ ನಗಲಿಲ್ಲ, ಒಡನೆ ಒಪ್ಪಲೂ ಇಲ್ಲ. ಕೀಟವನ್ನು ಜೀವಂತವಾಗಿ ಮದ್ಯಸಾರಕ್ಕೆ ಹಾಕುವುದು ಕ್ರೌರ್ಯಕ್ಕಲ್ಲ, ಡಿಎನ್‌ಎ ಕೆಡದಿರಲೆಂದು ಎಂಬುದನ್ನು ಅವರು ವಿವರಿಸಿದರು. ಸತ್ತ ದೇಹವು ತೇವದಲ್ಲಿ ಬಿದ್ದಿದ್ದರೆ ಡಿಎನ್‌ಎಯ ಎಳೆಗಳು ತುಂಡುತುಂಡಾಗುತ್ತವೆ. ಬೇಗನೆ ಒಣಗಿದ್ದರೆ ಉಳಿದಿರಲೂಬಹುದು. ಅಲ್ಲದೆ ಕಿಟಕಿಯಡಿ ಸತ್ತುಬಿದ್ದವು ಊರಿನ ಎಲ್ಲ ಕೀಟಗಳ ಪ್ರತಿನಿಧಿಗಳಲ್ಲ. ಕೊನೆಗೆ ಎರಡು ನಿಬಂಧನೆಗಳ ಮೇಲೆ ಒಪ್ಪಿದರು: ಕೀಟಗಳು ಎಲ್ಲಿ, ಯಾವ ಸ್ಥಿತಿಯಲ್ಲಿ ದೊರೆತವೆಂಬುದನ್ನು ವರದಿಯಲ್ಲಿ ಮುಚ್ಚದೆ ಬರೆಯಬೇಕು, ಫಲಿತಾಂಶ ಬಾರದಿದ್ದರೆ ಬರಲಿಲ್ಲವೆಂದೇ ಹೇಳಬೇಕು.

ಪರೀಕ್ಷೆಯ ಕ್ರಮ ಹೀಗಿದೆ. ವೋಲ್ಬಾಕಿಯಾ ಹೆಚ್ಚಾಗಿ ಇರುವುದು ಸಂತಾನೋತ್ಪತ್ತಿಯ ಅಂಗಗಳಲ್ಲಿ. ಆದುದರಿಂದ ಕೀಟದ ಹೊಟ್ಟೆಯ ಭಾಗವನ್ನು ತೆಗೆದುಕೊಂಡು, ದ್ರಾವಣವೊಂದರಲ್ಲಿ ಅರೆದು, ಡಿಎನ್‌ಎಯನ್ನು ಶೋಧಿಸಿಕೊಳ್ಳುತ್ತಾರೆ. ಬಳಿಕ ಪಿಸಿಆರ್ ಎಂಬ ಕ್ರಮದಿಂದ ಬೇಕಾದ ತುಣುಕನ್ನು ಮಾತ್ರ ಇಮ್ಮಡಿಗೊಳಿಸುತ್ತ ಹೋಗುತ್ತಾರೆ. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತು ಸುತ್ತು ನಡೆದರೆ ಒಂದು ತುಣುಕು ನೂರು ಕೋಟಿಯನ್ನು ಮೀರುತ್ತದೆ. ಕ್ಯಾರಿ ಮುಲ್ಲಿಸ್ ಎಂಬ ವಿಜ್ಞಾನಿ 1983ರಲ್ಲಿ ಇದನ್ನು ಕಲ್ಪಿಸಿ, 1993ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಇಲ್ಲಿ ಎರಡು ತುಣುಕುಗಳನ್ನು ಹುಡುಕುತ್ತಾರೆ: ವೋಲ್ಬಾಕಿಯಾಕ್ಕೆ ಮಾತ್ರ ಸೇರಿದ 438 ಅಕ್ಷರಗಳ ಉದ್ದದ್ದು ಒಂದು, ಕೀಟದ ಸ್ವಂತದ ಸುಮಾರು 700 ಅಕ್ಷರಗಳದ್ದು ಇನ್ನೊಂದು. ಅಗರೋಸ್ ಎಂಬ ಕಡಲಕಳೆಯ ಸತ್ವದಿಂದ ಮಾಡಿದ ಜೆಲ್ಲಿನಲ್ಲಿ ವಿದ್ಯುತ್ತನ್ನು ಹರಿಸಿದಾಗ ಈ ತುಣುಕುಗಳು ಧನಧ್ರುವದ ಕಡೆಗೆ ಸರಿಯುತ್ತವೆ. ಚಿಕ್ಕದು ಮುಂದೆ ಹೋಗುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಬಣ್ಣ ಬೆರೆಸಿ ಬೆಳಕಿನಲ್ಲಿ ನೋಡಿದರೆ ಅವು ಹೊಳೆಯುವ ಪಟ್ಟಿಗಳಾಗಿ ಕಾಣುತ್ತವೆ.

ಕೀಟದ ಸ್ವಂತ ತುಣುಕನ್ನು ಏಕೆ ಹುಡುಕಬೇಕೆಂಬುದೇ ಈ ಪರೀಕ್ಷೆಯ ನೀತಿ. ವೋಲ್ಬಾಕಿಯಾದ ಪಟ್ಟಿ ಕಾಣದಿದ್ದರೆ ಅದು ಇಲ್ಲವೆಂದು ಹೇಳಿಬಿಡುವಂತಿಲ್ಲ. ಡಿಎನ್‌ಎಯೇ ಕೆಟ್ಟುಹೋಗಿರಬಹುದು, ಕೆಲಸ ಮಾಡಿದವರ ಕೈ ತಪ್ಪಿರಬಹುದು. ಕೀಟದ ಸ್ವಂತ ಪಟ್ಟಿ ಕಂಡು, ವೋಲ್ಬಾಕಿಯಾದ್ದು ಕಾಣದಿದ್ದಾಗ ಮಾತ್ರ 'ಇಲ್ಲ' ಎಂಬ ಮಾತಿಗೆ ಆಧಾರ ದೊರೆಯುತ್ತದೆ.

ಹುಡುಗಿಯ ಜೆಲ್ಲಿನಲ್ಲಿ ಹಣ್ಣಿನ ನೊಣದ ಸಾಲಿನಲ್ಲಿ ಎರಡೂ ಪಟ್ಟಿಗಳು ಹೊಳೆದವು. ಪತಂಗದ ಸಾಲಿನಲ್ಲಿ ಅದರ ಸ್ವಂತ ಪಟ್ಟಿ ಮಾತ್ರ. ಗುಲಗಂಜಿ ಹುಳುವಿನ ಸಾಲು ಪೂರ್ತಿ ಕತ್ತಲೆ. ಫಲಿತಾಂಶದ ಹಾಳೆಯಲ್ಲಿ ಎರಡೇ ಅಂಕಣಗಳಿದ್ದವು: ಇದೆ, ಇಲ್ಲ. ಪಕ್ಕದಲ್ಲಿದ್ದವರು "ಇಲ್ಲವೆಂದು ಬರೆದುಬಿಡು, ಯಾರು ನೋಡುತ್ತಾರೆ?" ಎಂದರು. ಅವಳ ಕೈ ಆ ಅಂಕಣಕ್ಕೆ ಹೋಗಿಯೂ ಇತ್ತು. ಆಮೇಲೆ ಅಧ್ಯಾಪಿಕೆಗೆ ಕೊಟ್ಟ ಮಾತು ನೆನಪಾಗಿ, ಹಾಳೆಯ ಅಂಚಿನಲ್ಲಿ ಮೂರನೆಯ ಅಂಕಣವನ್ನು ತಾನೇ ಎಳೆದಳು.

ಮನೆಯಲ್ಲಿ ಈ ಸಂಗತಿಯನ್ನು ಅವಳು ಉತ್ಸಾಹದಿಂದ ಹೇಳಿದಳು: "ಅಜ್ಜಿ, ನೊಣ ಸ್ಯಾದಸ್ತಿ, ಪತಂಗ ಸ್ಯಾನ್ನಾಸ್ತಿ, ಹುಳು ಅವಕ್ತವ್ಯ!" ಪಾಠಶಾಲೆಯಲ್ಲಿ ಕಲಿತ ಸಪ್ತಭಂಗಿ ಕೊನೆಗೂ ಉಪಯೋಗಕ್ಕೆ ಬಂದಿತೆಂಬ ಹಿಗ್ಗು. ಅಜ್ಜಿ ಮೆಚ್ಚಿದರೂ ತಿದ್ದಿದರು. ಅವಕ್ತವ್ಯವೆಂದರೆ ಇದೆ ಮತ್ತು ಇಲ್ಲ ಎಂಬೆರಡನ್ನೂ ಒಮ್ಮೆಗೇ ಮಾತಿನಲ್ಲಿ ಹೇಳಲಾಗದ ಸ್ಥಿತಿ. ಅದು ಅಜ್ಞಾನಕ್ಕೆ ಇಟ್ಟ ಹೆಸರಲ್ಲ. "ಹುಳುವಿನ ಸಂಗತಿ ನಿನಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲವೆಂದೇ ಬರೆ. ಶಾಸ್ತ್ರದ ದೊಡ್ಡ ಮಾತನ್ನು ಅದಕ್ಕೆ ಹೊದಿಸಬೇಡ." ಆದರೆ 'ಸ್ಯಾತ್' ಎಂಬ ಮಾತನ್ನು ಮಾತ್ರ ಬಿಡಬೇಡವೆಂದರು. ಯಾವ ಅಪೇಕ್ಷೆಯಿಂದ ಇದೆ, ಯಾವ ಅಪೇಕ್ಷೆಯಿಂದ ಇಲ್ಲ ಎಂಬುದನ್ನು ಹೇಳದ ಮಾತು ಅರ್ಧ ಮಾತು.

ಈ ಮಾತು ವರದಿಗೆ ಬಹಳ ನೆರವಾಯಿತು. ಪತಂಗದಲ್ಲಿ ಇಲ್ಲವೆಂದರೆ, ಈ ಒಂದು ಪತಂಗದಲ್ಲಿ, ಪರೀಕ್ಷಿಸಿದ ಈ ಭಾಗದಲ್ಲಿ, ಈ ಕ್ರಮದ ಹಿಡಿತಕ್ಕೆ ಸಿಗುವಷ್ಟು ಪ್ರಮಾಣದಲ್ಲಿ ಇಲ್ಲ ಎಂದರ್ಥ. ಆ ಜಾತಿಯಲ್ಲಿಯೇ ಇಲ್ಲವೆಂದಲ್ಲ. ನೊಣದಲ್ಲಿ ಇದೆಯೆಂದರೂ ವೋಲ್ಬಾಕಿಯಾದ ಡಿಎನ್‌ಎ ಇದೆಯೆಂದಷ್ಟೇ. ಕೀಟದೊಳಗೆ ಇನ್ನೊಂದು ಪರಾವಲಂಬಿ ಕೀಟದ ಮರಿ ಅಡಗಿದ್ದರೆ ಅದರ ವೋಲ್ಬಾಕಿಯಾವೂ ಪಟ್ಟಿಯಾಗಿ ಕಾಣಬಹುದು. ಹುಡುಗಿ ಇವೆಲ್ಲವನ್ನೂ ಬರೆದಳು. ವರದಿ ಉದ್ದವಾಯಿತು. ಮೂರನೆಯ ಕೀಟದ ಫಲಿತಾಂಶ ಬಾರದ ಕಾರಣ ಒಂದೆರಡು ಅಂಕಗಳೂ ಹೋದವು.

ಕಥೆ ಇಲ್ಲಿಗೇ ನಿಂತಿದ್ದರೆ ಅದು ಅರ್ಧ ಸತ್ಯವಾಗುತ್ತಿತ್ತು. ತಾನೊಬ್ಬಳೇ ಒಂದು ಜೀವವನ್ನೂ ಕೊಲ್ಲದೆ ಪ್ರಯೋಗ ಮುಗಿಸಿದೆನೆಂಬ ಹೆಮ್ಮೆ ಹುಡುಗಿಯಲ್ಲಿ ಮೊಳೆತಿತ್ತು. ಸಹಾಯಕ್ಕೆ ಬಂದ ಗೆಳತಿಯನ್ನು ಒಂದು ಬಗೆಯ ಕನಿಕರದಿಂದ ನೋಡತೊಡಗಿದ್ದಳು. ಅಜ್ಜಿ ಒಂದು ಸಂಜೆ ಊಟದ ಹೊತ್ತಿಗೆ ಮುಗ್ಧವಾಗಿ ಕೇಳಿದರು: "ಆ ಯಂತ್ರಕ್ಕೆ ಏನೇನು ಹಾಕಿದೆ?" ಹೇಳುತ್ತ ಹೋದಂತೆ ಹುಡುಗಿಯ ಮಾತು ನಿಧಾನವಾಯಿತು. ಡಿಎನ್‌ಎಯನ್ನು ಇಮ್ಮಡಿಗೊಳಿಸುವ ಟ್ಯಾಕ್ ಎಂಬ ಕಿಣ್ವವು ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ ಬಂದುದು. ಈಗ ಅದನ್ನು ಬೇರೆ ಬ್ಯಾಕ್ಟೀರಿಯಾಗಳಲ್ಲಿ ಬೆಳೆಸಿ, ಅವುಗಳನ್ನು ಕೋಟಿಕೋಟಿಯಾಗಿ ಒಡೆದು ತೆಗೆಯುತ್ತಾರೆ. ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ನೋಡಲು ಪಕ್ಕದ ಸಾಲಿನಲ್ಲಿ ಇಟ್ಟ ಮಾದರಿಯು, ವೋಲ್ಬಾಕಿಯಾ ಇದೆಯೆಂದು ಮೊದಲೇ ಗೊತ್ತಿದ್ದ ಕೀಟವೊಂದನ್ನು ಸಾಕಿ ಕೊಂದು ಪಡೆದುದು. ಆ ಸಾಲು ಇಲ್ಲದಿದ್ದರೆ ಅವಳ ಸತ್ತ ನೊಣದ ಸಾಕ್ಷ್ಯಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಅಜ್ಜಿ ಗೆದ್ದವರಂತೆ ಮಾತನಾಡಲಿಲ್ಲ. "ನಾನು ಸೋಸುವ ಬಟ್ಟೆಯೂ ಎಲ್ಲವನ್ನೂ ಉಳಿಸುವುದಿಲ್ಲ ಮಗಾ. ಅದಕ್ಕೇ ಸಂಜೆ ಪ್ರತಿಕ್ರಮಣ. ಮಾಡಿದ್ದನ್ನು ಎಣಿಸಿಕೊಳ್ಳುವುದು, ಕಾಣದಂತೆ ಮಾಡಿದ್ದನ್ನೂ ಎಣಿಸಿಕೊಳ್ಳುವುದು" ಎಂದರು.

ಮರುವಾರ ಹುಡುಗಿ ವರದಿಯ ಕೊನೆಗೆ ಒಂದು ಪ್ಯಾರಾ ಸೇರಿಸಿದಳು. ತರಗತಿಯ ಪ್ರಯೋಗಕ್ಕಾಗಿ ಕೊಂದ ಕೀಟಗಳು 69. ತಾನಾಗಿ ಸತ್ತವು 3. ಹೋಲಿಕೆಯ ಮಾದರಿಗಾಗಿ ಸತ್ತ ಕೀಟವನ್ನು ತಾನೂ ಬಳಸಿದ್ದೇನೆ. ಅದರ ಜೊತೆಗೆ ಒಂದು ಸಲಹೆ: ಒಂದು ಕೀಟದಿಂದ ಬೇರ್ಪಡಿಸಿದ ಡಿಎನ್‌ಎ ಹಲವು ಪರೀಕ್ಷೆಗಳಿಗೆ ಸಾಲುತ್ತದೆ, ಒಬ್ಬೊಬ್ಬರೂ ಮೂರು ಕೀಟಗಳನ್ನು ತರುವ ಬದಲು ನಾಲ್ವರು ಸೇರಿ ಮೂರನ್ನು ಪರೀಕ್ಷಿಸಬಹುದಲ್ಲವೇ? ಗೆಳತಿಯ ಹೆಸರನ್ನೂ ಆ ಸಲಹೆಯ ಕೆಳಗೆ ಅವಳ ಒಪ್ಪಿಗೆ ಪಡೆದು ಸೇರಿಸಿದಳು. ಅಧ್ಯಾಪಿಕೆ ಆಗ ಏನನ್ನೂ ಹೇಳಲಿಲ್ಲ.

ಅಜ್ಜಿ ಊರಿಗೆ ಮರಳಿದರು. ಮರುವರ್ಷ ಮಳೆ ಹಿಡಿಯುವ ಮೊದಲು ಅವರ ಬಸದಿಯ ಸಭೆಯಲ್ಲಿ, ಸೊಳ್ಳೆಗಳ ಕಾಟಕ್ಕಾಗಿ ಪ್ರಾಂಗಣಕ್ಕೆ ವಿಷದ ಹೊಗೆ ಹಾಕಿಸುವ ಮಾತು ಬಂದಿತು. ಕೆಲವರು ಬೇಕೆಂದರು, ಕೆಲವರು ಅಹಿಂಸೆಗೆ ವಿರುದ್ಧವೆಂದರು. ಅಜ್ಜಿ ಎದ್ದು ನಿಂತು ಒಂದೇ ಮಾತು ಕೇಳಿದರಂತೆ: ಬಸದಿಯ ತೋಟದಲ್ಲಿ ಮಗುಚದೆ ಬಿಟ್ಟ ಗೆರಟೆಗಳೆಷ್ಟು, ನೀರು ನಿಂತ ಅಡಿಕೆ ಹಾಳೆಗಳೆಷ್ಟು, ಮುಚ್ಚಳವಿಲ್ಲದ ತೊಟ್ಟಿಗಳೆಷ್ಟು? ಈಡಿಸ್ ಸೊಳ್ಳೆ ತತ್ತಿಯಿಂದ ರೆಕ್ಕೆ ಬಲಿಯುವವರೆಗೆ ಬೆಳೆಯಲು ಒಂದು ವಾರದಿಂದ ಹತ್ತು ದಿನ ಸಾಕು. ನಿಂತ ಚೂರು ನೀರೇ ಅದಕ್ಕೆ ತೊಟ್ಟಿಲು. ವಾರಕ್ಕೊಮ್ಮೆ ಗೆರಟೆ ಮಗುಚದಿರುವ ಪ್ರಮಾದದಿಂದ ಮೊದಲು ಸೊಳ್ಳೆಗಳನ್ನು ಹುಟ್ಟಿಸಿ, ಬಳಿಕ ಅವುಗಳನ್ನು ಕೊಲ್ಲಬೇಕೇ ಬೇಡವೇ ಎಂದು ಧರ್ಮಚರ್ಚೆ ಮಾಡುವುದು ತಡವಾಯಿತೆಂದು ಅವರ ಅಭಿಪ್ರಾಯ. ನೀರಿನಲ್ಲಿ ಆಗಲೇ ಹುಳುಗಳಿದ್ದರೆ ಮಗುಚುವುದೂ ಹಿಂಸೆಯೇ. ಆದುದರಿಂದ ನೀರು ನಿಲ್ಲುವ ಮೊದಲೇ ಎಚ್ಚರವಿರಬೇಕು ಎಂದೂ ಸೇರಿಸಿದರು. ಆ ವಾರದಿಂದ ಪ್ರತಿ ಭಾನುವಾರ ಮಕ್ಕಳು ತೋಟದಲ್ಲಿ ಗೆರಟೆ ಹೆಕ್ಕುವ ಪದ್ಧತಿ ಬಂದಿತು. ಹೊಗೆಯ ಮಾತು ಆ ವರ್ಷಕ್ಕೆ ಮುಂದೆ ಹೋಯಿತು.

ಶರತ್ಕಾಲದಲ್ಲಿ ಮೊಮ್ಮಗಳ ಫೋನು ಬಂದಿತು. ಹೊಸ ತರಗತಿಗೆ ಅಧ್ಯಾಪಿಕೆ ಅದೇ ಪ್ರಯೋಗವನ್ನು ಕೊಟ್ಟಿದ್ದರು. ನಾಲ್ವರಿಗೆ ಮೂರು ಕೀಟಗಳಂತೆ 24 ಮಂದಿಗೆ 18. ಫಲಿತಾಂಶದ ಹಾಳೆಯಲ್ಲಿ ಅಂಕಣಗಳು ಮೂರು.

"ಹದಿನೆಂಟು" ಎಂದು ಅಜ್ಜಿ ಮತ್ತೊಮ್ಮೆ ಹೇಳಿಕೊಂಡರು. ಸಂತೋಷಪಟ್ಟರೋ ನೊಂದರೋ ಫೋನಿನಲ್ಲಿ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಬಳಿಕ, ಹೊತ್ತು ಮುಳುಗುವುದರೊಳಗೆ ಅಂಗಳದ ಗೆರಟೆಗಳನ್ನು ನೋಡಿ ಬರಬೇಕೆಂದು ಹೇಳಿ ಫೋನನ್ನು ಇಟ್ಟರು.